ಮಾದಲ ಹಣ್ಣೂ ಭೂತಗನ್ನಡಿಯೂ

ಯೆಹೂದಿ ಹಿರಿಯರಾದ ರಹಮೀಮರು ತಮ್ಮ ಚಪ್ಪರದ ಹಬ್ಬದ ಪ್ರಾರ್ಥನೆಯಲ್ಲಿ ಕೈಯಲ್ಲಿ ಹಿಡಿಯಲು ಕಲೆಯಿಲ್ಲದ ಹಣ್ಣು ಬೇಕೆಂದು ಹಣ್ಣಿನಂಗಡಿಯಲ್ಲಿ ಹನ್ನೊಂದು ಮಾದಲ ಹಣ್ಣುಗಳನ್ನು ಭೂತಗನ್ನಡಿ ಹಿಡಿದು ನೋಡಿ, ಬೇಡವೆಂದು ಬದಿಗಿಟ್ಟರು. ಹನ್ನೆರಡನೆಯದರಲ್ಲಿ ಒಂದು ಚುಕ್ಕೆಯೂ ಇರಲಿಲ್ಲ. ಅದನ್ನು ಹತ್ತಿಯಲ್ಲಿ ಸುತ್ತಿ ಮುಚ್ಚಳವಿಲ್ಲದ ಡಬ್ಬಿಯಲ್ಲಿಟ್ಟರು.

ಮಾದಲಕ್ಕೆ ಕೊಂಬು ಬಂತು. ಪಕ್ಕದ ರಾಶಿಯಲ್ಲಿದ್ದ ನಿಂಬೆಗೆ ಹೇಳಿತು: "ನೋಡಿದೆಯಾ? ದೇವರು ಆರಿಸಿದ ಜನ ಆರಿಸಿದ ಹಣ್ಣು ನಾನು. ನೀನೇನಿದ್ದರೂ ಉಪ್ಪಿನಕಾಯಿಯ ಪಾಲು."

"ಇರಬಹುದು ಸ್ವಾಮಿ," ಎಂದಿತು ನಿಂಬೆ. "ನನ್ನನ್ನು ಇನ್ನೂ ಯಾರೂ ಎತ್ತಿ ನೋಡಿಲ್ಲ."

ಅಷ್ಟರಲ್ಲಿ ರಹಮೀಮರ ನೆರೆಮನೆಯ ಶಾರದಮ್ಮ ಬಂದು ನಿಂಬೆಯ ರಾಶಿಗೆ ಕೈ ಹಾಕಿದರು. "ನವರಾತ್ರಿ ಅಲ್ಲವೇ ರಹಮೀಮಣ್ಣ, ದೇವಿಗೆ ನಿಂಬೆಹಣ್ಣಿನ ಹಾರ ಹಾಕಬೇಕು. ಒಂದರಲ್ಲೂ ಚುಕ್ಕೆ ಇರಬಾರದು. ನನಗೋ ಕಣ್ಣು ಮಂಜು."

ಅಂದು ಶುಕ್ರವಾರ; ಸಂಜೆಗೆ ಯೆಹೂದಿಗಳ ವಿಶ್ರಾಂತಿಯ ದಿನ ಶುರುವಾಗುವುದರಿಂದ ಹೊತ್ತು ಮುಳುಗುವುದರೊಳಗೆ ರಹಮೀಮರು ಮನೆ ಸೇರಬೇಕಿತ್ತು. ಆದರೂ ಹೊರಟವರು ನಿಂತು, ಜೇಬಿನಿಂದ ಭೂತಗನ್ನಡಿ ತೆಗೆದು ಆಕೆಯ ಕೈಗಿತ್ತರು. "ನಿಧಾನವಾಗಿ ಆರಿಸಿ ತಂಗಿ. ನಾನು ಕಾಯುತ್ತೇನೆ."

ತನ್ನನ್ನು ನೋಡಿದ ಅದೇ ಗಾಜು ಈಗ ನಿಂಬೆಯ ಮೇಲೆ ಬಾಗಿದ್ದು ಹತ್ತಿಯ ಸಂದಿಯಿಂದ ಮಾದಲಕ್ಕೆ ಕಂಡಿತು. ಶಾರದಮ್ಮನೂ ರಹಮೀಮರ ಹಾಗೆಯೇ ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಮಾದಲದ ಮುಖ ಸಣ್ಣಗಾಯಿತು. ಆಮೇಲೆ ಅದು ಮೆಲ್ಲಗೆ ಕರೆಯಿತು:

"ನಿಂಬೆಯಣ್ಣ, ಕೊಂಚ ಎಡಕ್ಕೆ ಹೊರಳು. ನಿನ್ನ ತೊಟ್ಟಿನ ಹತ್ತಿರ ಧೂಳು ಅಂಟಿದೆ. ಅದನ್ನೇ ಅವರು ಚುಕ್ಕೆ ಅಂದುಕೊಂಡಾರು."