ಹೊನ್ನವ್ವನ ಮನೆಗೆ ಹೋಗದ ಹೆಪ್ಪು

ಅಡವೀಶನಿಗೆ ಓದು ಹೆಚ್ಚು, ತಾಳ್ಮೆ ಕಡಿಮೆ. ಹೊಳೆದಂಡೆಯ ಆಶ್ರಮಕ್ಕೆ ಬಂದ ದಿನವೇ ಗುರುಗಳನ್ನು ಕೇಳಿದ.

"ಮನುಷ್ಯರು ಕೂಡಿ ಬಾಳುವ ರೀತಿಯನ್ನು ಕಲಿಯಲು ಬಂದಿದ್ದೇನೆ. ಸಮಾಜ, ಸಮಾಜ ಎನ್ನುತ್ತಾರಲ್ಲ, ಅದನ್ನು ಎಲ್ಲಿ ನೋಡಲಿ?"

ಗುರುಗಳು ಹಾಲು ಕಾಯಿಸುತ್ತಿದ್ದರು.

"ಹೆಪ್ಪು ಮುಗಿದಿದೆ. ಊರೊಳಗೆ ಹೋಗಿ ಒಂದಿಷ್ಟು ಇಸಿದುಕೊಂಡು ಬಾ," ಎಂದರು.

ಅಡವೀಶನಿಗೆ ಸಿಟ್ಟು ಬಂತು. ಇಷ್ಟು ದೂರ ನಡೆದು ಬಂದದ್ದು ಮೊಸರಿಗಾಗಿಯೇ? ಆದರೂ ಬಟ್ಟಲು ಹಿಡಿದು ಹೊರಟ.

ಆ ಸೀಮೆಯಲ್ಲಿ ಹೆಪ್ಪನ್ನು ಯಾರೂ ಮಾರುವುದಿಲ್ಲ. ಕೇಳಿದವರಿಗೆ ಇಲ್ಲ ಎನ್ನುವುದೂ ಇಲ್ಲ. ಇವತ್ತು ಇವರ ಮನೆಯದು ಅವರ ಮನೆಗೆ ಹೋದರೆ ನಾಳೆ ಅವರದು ಇವರ ಮನೆಗೆ ಬರುತ್ತದೆ. ಮೊದಲ ಹೆಪ್ಪು ಯಾರ ಮನೆಯದೋ, ಕೇಳಿದರೆ ನಗುತ್ತಾರೆ.

ಕೇಳಿದ ಮೊದಲ ಮನೆಯಲ್ಲೇ ಸಿಕ್ಕಿತು. ಬಟ್ಟಲಿಗೆ ಮೊಸರು ಹಾಕುತ್ತ ಆ ಮನೆಯಾಕೆ ಹೇಳಿದಳು:

"ನೀವು ಹೋಗೋ ದಾರಿಯಾಗ ಕಡೀ ಮನಿ ಐತಲ್ರಿ, ಹೊನ್ನವ್ವಂದು, ಆ ಮನೀಗಿ ಈಗ ಹೆಪ್ಪು ಹೋಗಂಗಿಲ್ಲ. ಮಗಳು ಬ್ಯಾರೆ ಜಾತಿಯಾವನ್ನ ಲಗ್ನ ಆದಳು."

"ಹೋಗಬಾರದು ಎಂದು ಹೇಳಿದವರು ಯಾರು?"

"ಯಾರ ಹೇಳ್ತಾರ್ರಿ? ಹಂಗ ಐತಿ."

ಊರ ಕೊನೆಯ ಮನೆಯ ಬಾಗಿಲಲ್ಲಿ ಹೊನ್ನವ್ವ ನಿಂತಿದ್ದಳು. ಕೈಯಲ್ಲಿ ಖಾಲಿ ಬಟ್ಟಲು.

"ತಮ್ಮಾ, ಒಂದ ಚಮಚೆ ಹೆಪ್ಪು ಹಾಕಿ ಹೋಗಪ್ಪ. ಬೆಕ್ಕು ಮೊಸರಿನ ಗಡಿಗಿ ಉರುಳಿಸ್ತು. ಹುಣಸಿಹಣ್ಣು ಹಾಕಿ ನೋಡಿದೆ, ಹಾಲು ಒಡದು ಹೋತು. ನಮ್ಮ ಮನಿಯವರು ಹಾಸಿಗಿ ಹಿಡದಾರ. ಮಜ್ಜಿಗಿ ಬಿಟ್ರ ಏನೂ ಗಂಟಲದಾಗ ಇಳಿಯಂಗಿಲ್ಲ."

ಎದುರಿನ ಕಟ್ಟೆಯ ಮೇಲೆ ಕೂತಿದ್ದ ಹೆಂಗಸರು ಮಾತು ನಿಲ್ಲಿಸಿದರು.

ಅಡವೀಶ ಅವರತ್ತ ನೋಡಿದ. ಆಮೇಲೆ ಬಟ್ಟಲಿನ ಮೇಲೆ ಶಲ್ಯದ ಸೆರಗು ಎಳೆದುಕೊಂಡ.

"ಇದು ಆಶ್ರಮದ್ದು, ಅವ್ವಾ," ಎಂದವನು ಸರಸರನೆ ನಡೆದ.

ಆಶ್ರಮದಲ್ಲಿ ಗುರುಗಳು ಹಾಲಿಗೆ ಹೆಪ್ಪು ಹಾಕಿದರು.

"ನೋಡಿದೆಯಾ?"

ಅಡವೀಶ ಚುರುಕಿನವನೇ. "ನೋಡಿದೆ. ಮನೆಯಿಂದ ಮನೆಗೆ ಹೆಪ್ಪು ಹೋಗುತ್ತದಲ್ಲ, ಅದೇ ಸಮಾಜ," ಎಂದ. ಅವನ ಉತ್ತರ ಅವನಿಗೇ ಬಹಳ ಹಿಡಿಸಿತು.

"ಅರ್ಧ ನೋಡಿದ್ದೀಯ."

"ಇನ್ನರ್ಧ?"

ಗುರುಗಳು ಗಡಿಗೆಯ ಬಾಯಿ ಮುಚ್ಚಿ ಎದ್ದು ಹೋದರು.

ಆ ವಾರ ಕಳೆಯುವುದರೊಳಗೆ ಹೊನ್ನವ್ವ ಆಶ್ರಮಕ್ಕೆ ಬಂದಳು. ಹಣೆಯಲ್ಲಿ ಕುಂಕುಮವಿರಲಿಲ್ಲ.

"ನಮ್ಮ ಮನಿಯವರು ಹೋದ್ರು, ಅಪ್ಪಾರ. ಹೆಗಲು ಕೊಡಾಕ ಊರಾಗ ಯಾರೂ ಬರವಲ್ಲರು."

ಅಡವೀಶ ಕಂಬದ ಮರೆಗೆ ಸರಿದ.

"ಕೊನೀಗಿ ಮಜ್ಜಿಗಿ ಕೇಳಿದ್ರು," ಎಂದಳು ಹೊನ್ನವ್ವ. "ನೀರಿಗೆ ಉಪ್ಪು ಹಾಕಿ ಕುಡಿಸಿದೆ. ಇದು ಮಜ್ಜಿಗಿ ಅಲ್ಲ ಅಂದ್ರು. ಮುಂದ ಮಾತಾಡಲಿಲ್ಲ."

ಅವಳು ಅಳಲಿಲ್ಲ. ಅಳುವುದೆಲ್ಲ ಮನೆಯಲ್ಲೇ ಮುಗಿದಂತಿತ್ತು.

ಗುರುಗಳೂ ಶಿಷ್ಯರೂ ಹೋಗಿ ಹೆಗಲು ಕೊಟ್ಟರು. ದಾರಿಯುದ್ದಕ್ಕೂ ಬಾಗಿಲುಗಳು ಹಾಕಿದ್ದವು. ಒಳಗೆ ಜನರಿದ್ದರು, ಒಲೆಯ ಹೊಗೆ ಹೊರಗೆ ಬರುತ್ತಿತ್ತು.

ಮಣ್ಣು ಮಾಡಿ ಬಂದ ಮೇಲೆ ಅಡವೀಶನಿಗೆ ಕೂರಲು ಆಗಲಿಲ್ಲ.

"ಸಾಯುವ ಮನುಷ್ಯನಿಗೆ ಒಂದು ಗುಟುಕು ಮಜ್ಜಿಗೆ ತಪ್ಪಿಸಿದವರು ಯಾರು, ಗುರುಗಳೇ? ಯಾರೋ ಒಬ್ಬರು ಹೇಳಿರಲೇಬೇಕು. ನಾನು ಅವರನ್ನು ಹಿಡಿದೇ ತೀರುತ್ತೇನೆ."

"ಹೋಗು. ಸಿಕ್ಕರೆ ಕರೆದುಕೊಂಡು ಬಾ."

ಅಡವೀಶ ಮೊದಲು ಗೌಡರ ಮನೆಗೆ ಹೋದ.

"ನಾ ಎಂದೂ ಕೊಡಬ್ಯಾಡ್ರಿ ಅಂದಿಲ್ಲ," ಎಂದರು ಗೌಡರು. "ನಮ್ಮ ಮನ್ಯಾಗೂ ಹೆಣ್ಮಕ್ಕಳದಾರ. ಮಂದಿ ನಡದಂಗ ನಡೀಬೇಕಾಗ್ತೈತಿ."

ಹೊನ್ನವ್ವನ ಪಕ್ಕದ ಮನೆಯಾಕೆ ಬಾಗಿಲು ತೆರೆದವಳೇ ಅಳತೊಡಗಿದಳು.

"ಕೊಡೋ ಮನಸು ನಮಗಿತ್ರಿ. ಮಂದಿ ಏನಂತಾರ?"

"ಮಂದಿ ಅಂದರೆ ಯಾರು?"

ಅವಳು ಎದುರು ಮನೆಯತ್ತ ಕೈ ಮಾಡಿದಳು. ಎದುರು ಮನೆಯವರು ಇವಳ ಮನೆಯತ್ತಲೇ ಕೈ ಮಾಡಿದರು.

ಅಡವೀಶ ಒಂದು ಮನೆಯನ್ನೂ ಬಿಡದೆ ಅಲೆದ. ಸಂಜೆ ಕಾಲೆಳೆಯುತ್ತ ಬಂದು ಗುರುಗಳ ಮುಂದೆ ಕುಸಿದು ಕೂತ.

"ಎಲ್ಲರೂ ಮಂದಿಗೆ ಹೆದರಿದ್ದಾರೆ. ಆ ಮಂದಿ ಮಾತ್ರ ಯಾವ ಮನೆಯಲ್ಲೂ ಇಲ್ಲ, ಗುರುಗಳೇ."

ಗುರುಗಳು ಅವನ ಎದುರಿಗೆ ಬಂದು ಕೂತರು.

"ಅವತ್ತು ಹೆಪ್ಪು ತರುವಾಗ ಹೊನ್ನವ್ವನ ಮನೆಯ ಮುಂದೆಯೇ ಬಂದೆಯಲ್ಲವೇ?"

"ಹೌದು."

"ಆಕೆ ಕೇಳಲಿಲ್ಲವೇ?"

ಅಡವೀಶ ತಲೆ ತಗ್ಗಿಸಿದ.

"ಕೇಳಿದಳು."

"ನಿನ್ನ ಬಟ್ಟಲಲ್ಲಿ ಇರಲಿಲ್ಲವೇ?"

"ಇತ್ತು."

"ಕೊಡಬೇಡ ಎಂದವರು ಯಾರು?"

"ಯಾರೂ ಅನ್ನಲಿಲ್ಲ. ಕಟ್ಟೆಯ ಮೇಲಿದ್ದವರು ನೋಡುತ್ತಿದ್ದರು. ಅವರ ಹೆಸರು ಕೂಡ ನನಗೆ ಗೊತ್ತಿಲ್ಲ. ನಾನು ಆ ಊರಿನವನೂ ಅಲ್ಲ. ಆದರೂ, ಅವರು ಏನೆಂದುಕೊಂಡಾರೋ ಎಂದು..."

ಅವನು ಮುಖ ಮುಚ್ಚಿಕೊಂಡು ಅತ್ತ.

ಗುರುಗಳು ಸಮಾಧಾನ ಮಾಡಲಿಲ್ಲ. ಒಳಗೆ ಹೋಗಿ ಅವತ್ತು ಹೆಪ್ಪು ತಂದ ಬಟ್ಟಲನ್ನೇ ತಂದು ಅವನ ಮುಂದಿಟ್ಟರು.

"ನೀನು ಹುಡುಕಲು ಹೋದ ಆ ಮಂದಿಯಲ್ಲಿ ಒಬ್ಬ ಸಿಕ್ಕನಲ್ಲ. ಸರಿಯಾಗಿ ಕೂತುಕೋ, ಇನ್ನು ಪಾಠ ಶುರು ಮಾಡೋಣ."