ಸೂಜಿ ಹಿಡಿದವನು

"ಗುರುಗಳೇ, ನಮ್ಮನ್ನು ಕಂಡರೆ ಆಗದವರ ಸೇವೆಯನ್ನು ಎಷ್ಟು ದಿನ ಮಾಡಬೇಕು?" ಎಂದು ಶಿಷ್ಯ ಕೇಳಿದ.

ಅವನ ಅಣ್ಣ ಹಾಸಿಗೆ ಹಿಡಿದು ವರ್ಷವಾಗಿತ್ತು. ಬೆನ್ನ ತುಂಬ ಹುಣ್ಣು. ಮಠದ ಕೆಲಸ ಮುಗಿಸಿ ಶಿಷ್ಯನೇ ಹೋಗಿ ತೊಳೆದು ಮದ್ದು ಹಚ್ಚುತ್ತಿದ್ದ. ಮುಟ್ಟಿದರೆ ಉರಿ, ಅಣ್ಣ ಬಾಯಿಗೆ ಬಂದಂತೆ ಬೈಯುತ್ತಿದ್ದ. ಎಂದಾದರೊಮ್ಮೆ ಕಿತ್ತಳೆ ಹಣ್ಣು ಹಿಡಿದು ಬರುವ ನೆಂಟನನ್ನು ಮಾತ್ರ ದೇವರೆನ್ನುತ್ತಿದ್ದ. ನಾಳೆಯಿಂದ ಆ ಮನೆಗೆ ಹೋಗುವುದಿಲ್ಲ ಎಂದು ಶಿಷ್ಯ ಹಟ ಹಿಡಿದಿದ್ದ.

ಗುರುಗಳು ಗದರಲಿಲ್ಲ. "ಕುಳಿತುಕೋ. ನಿನ್ನ ಸಿಟ್ಟು ಎಲ್ಲಿಗೂ ಓಡಿಹೋಗುವುದಿಲ್ಲ, ಕತೆ ಕೇಳಿದ ಮೇಲೂ ಇರುತ್ತದೆ," ಎಂದು ಹೇಳತೊಡಗಿದರು.

ಒಂದು ಸಫಾರಿ ವನದಲ್ಲಿ ಹುಲಿಗಳನ್ನು ನೋಡಿಕೊಳ್ಳುವ ಇಬ್ಬರಿದ್ದರು. ಹಿರಿಯವನು ಜವರಪ್ಪ, ಕಿರಿಯವನು ಪುಟ್ಟಮಾದ. ತಾಯಿ ಬಿಟ್ಟುಹೋದ ಹೆಣ್ಣುಮರಿಯೊಂದನ್ನು ಜವರಪ್ಪ ಸೀಸೆಯಲ್ಲಿ ಹಾಲು ಕುಡಿಸಿ, ಮಗ್ಗುಲಲ್ಲಿ ಮಲಗಿಸಿಕೊಂಡು ಬದುಕಿಸಿದ. ಚಿನ್ನಿ ಎಂದು ಹೆಸರಿಟ್ಟ.

ಮರಿ ಬೆಳೆದು ಹುಲಿಯಾಯಿತು. ಆ ವನದಲ್ಲಿ ಒಂದು ಕಟ್ಟಳೆಯಿತ್ತು. ಪ್ರಾಣಿಗೆ ಆಹಾರ ಹಾಕುವವನು ಚಿಕಿತ್ಸೆಯ ಹೊತ್ತಿನಲ್ಲಿ ಅದರ ಕಣ್ಣಿಗೆ ಬೀಳಬಾರದು. ಬಿದ್ದರೆ ಅದು ಅವನನ್ನೂ ನಂಬುವುದಿಲ್ಲ, ಕರೆದರೆ ಬೋನಿಗೆ ಬರುವುದಿಲ್ಲ. ಆದ್ದರಿಂದ ಒಬ್ಬ ಉಣಿಸಬೇಕು; ಇನ್ನೊಬ್ಬ ಅದನ್ನು ಇಕ್ಕಟ್ಟಿನ ಬೋನಿನಲ್ಲಿ ಒತ್ತಿ ಹಿಡಿದು ಸೂಜಿ ಚುಚ್ಚಬೇಕು, ಗಾಯ ತೊಳೆಯಬೇಕು.

ಜವರಪ್ಪ ಸೂಜಿಯ ಕೆಲಸವನ್ನು ತಾನೇ ಕೇಳಿ ಪಡೆದ. ಬೇರೆಯವರು ಅವಳನ್ನು ಹೆಚ್ಚು ನೋಯಿಸಿಯಾರು ಎಂಬ ಭಯ ಅವನಿಗೆ. ವರ್ಷ ಕಳೆಯುವುದರೊಳಗೆ ಚಿನ್ನಿಗೆ ಪುಟ್ಟಮಾದನೆಂದರೆ ಪ್ರಾಣ. ಜವರಪ್ಪನ ವಾಸನೆ ಬಂದರೆ ಸಾಕು, ಹಲ್ಲು ತೋರಿಸಿ ಗುರುಗುಟ್ಟುತ್ತಿದ್ದಳು. ಜವರಪ್ಪನಿಗೆ ಸಂಕಟವಾಗುತ್ತಿತ್ತು. ಆಗದೆ ಇರುತ್ತದೆಯೇ? ಅವನೇನು ಕಲ್ಲೇ?

ಒಂದು ಮಧ್ಯಾಹ್ನ ಗಾಳಿಗೆ ದೊಡ್ಡ ಮರವೊಂದು ಉರುಳಿ ಹುಲಿಗಳ ಭಾಗದ ತಂತಿಬೇಲಿ ನೆಲಕಚ್ಚಿತು. ಬೇಲಿಯ ಆಚೆ ಜಿಂಕೆಗಳ ಭಾಗ. ಅಲ್ಲಿ ಪ್ರವಾಸಿಗರ ಬಸ್ಸು ನಿಂತಿತ್ತು. ದಾರಿಗೆ ಅಡ್ಡ ಬಿದ್ದ ಕೊಂಬೆಗಳನ್ನು ಎಳೆಯಲು ಡ್ರೈವರ್ ಜೊತೆ ನಾಲ್ಕಾರು ಜನ ಕೆಳಗಿಳಿದಿದ್ದರು. ತಲೆಯೆತ್ತಿ ನೋಡಿದರೆ, ಬೇಲಿ ಮುರಿದಲ್ಲಿ ಚಿನ್ನಿ. ಬಸ್ಸಿನ ಬಾಗಿಲು ಅವರಿಗಿಂತ ಅವಳಿಗೇ ಹತ್ತಿರವಿತ್ತು.

ಸುದ್ದಿ ತಿಳಿದು ಇಬ್ಬರೂ ಜೀಪಿನಲ್ಲಿ ಬಂದರು. ಪುಟ್ಟಮಾದ ಮೊದಲು ಹಾರಿಳಿದು ಜನರಿಗೂ ಹುಲಿಗೂ ನಡುವೆ ನಿಂತ. ಗಾಬರಿಯಲ್ಲಿ ಬಾಯಿಗೆ ಬಂದದ್ದು ದಿನದ ಕರೆಯೇ.

"ಚಿನ್ನೀ, ಬಾರವ್ವಾ, ಬಾ!"

ಚಿನ್ನಿ ಬಂದಳು. ಪ್ರೀತಿಯವನು ಕರೆದರೆ ಬಾರದಿರುತ್ತಾಳೆಯೇ? ಬೇಲಿ ದಾಟುವಾಗ ಹರಿದ ತಂತಿ ತೊಡೆಯನ್ನು ಸೀಳಿತು. ಆದರೂ ಅವನತ್ತಲೇ ಬಂದಳು. ಅವನ ಬೆನ್ನ ಹಿಂದೆಯೇ ಜನ. ಹುಲಿಗಳ ಭಾಗದಲ್ಲಿ ಬೋನಿನ ಬಳಿ ನಿಂತು ಕರೆಯಬೇಕಾದವನು ಜನರ ಕಡೆ ನಿಂತು ಕರೆದಿದ್ದ. ಅದು ಹೊಳೆಯುವಷ್ಟರಲ್ಲಿ ಅವಳು ಅರ್ಧ ದಾರಿ ಬಂದಾಗಿತ್ತು. ನಿಂತರೂ ಬರುತ್ತಾಳೆ, ಹಿಂದೆ ಸರಿದರೂ ಬರುತ್ತಾಳೆ.

ಜವರಪ್ಪ ಅವನನ್ನು ಬದಿಗೆ ತಳ್ಳಿ ಮುಂದೆ ಬಂದ. ಕೈಯಲ್ಲಿ ಕೋಲೂ ಇರಲಿಲ್ಲ. ಸೂಜಿ ಹಿಡಿಯುವಂತೆ ಬಲಗೈ ಎತ್ತಿ ನೇರ ಅವಳತ್ತ ನಡೆದ. ಚಿನ್ನಿ ಕಿವಿ ಹಿಂದಕ್ಕೆ ಮಡಿಸಿ ಗರ್ಜಿಸಿದಳು. ಒಂದು ನೆಗೆತಕ್ಕೆ ಅವನು ಸಿಗುತ್ತಿದ್ದ. ಅವಳು ಮೈ ಕುಗ್ಗಿಸಿದಳು. ಅವನು ನಿಲ್ಲಲಿಲ್ಲ. ಅವನು ಇನ್ನೊಂದು ಹೆಜ್ಜೆ ಇಟ್ಟ. ಚಿನ್ನಿ ಸರಕ್ಕನೆ ತಿರುಗಿ, ಬೇಲಿ ದಾಟಿ ಓಡಿ, ತಾನು ಉಣ್ಣುವ ಬೋನನ್ನು ಹೊಕ್ಕಳು. ಅವನು ಎಂದೂ ಬಾರದ ಜಾಗವೆಂದು ಅವಳಿಗೆ ಗೊತ್ತಿದ್ದದ್ದು ಅದೊಂದೇ. ಪುಟ್ಟಮಾದ ಸುತ್ತಿ ಬಂದು ಬಾಗಿಲು ಇಳಿಸಿದ.

ಜನರೆಲ್ಲ ಬದುಕುಳಿದರು. ಜವರಪ್ಪ ಬೋನಿನ ಪಕ್ಕದ ಗೋಡೆಯ ಮರೆಯಲ್ಲಿ ಕುಳಿತು ಅತ್ತ. ಪುಟ್ಟಮಾದ ಅವನ ಪಕ್ಕದಲ್ಲಿ ಕುಳಿತ.

"ಜವರಣ್ಣ, ಇವತ್ತೊಂದಿನ ನೀನೇ ಮಾಂಸ ಹಾಕು. ಹಾಲು ಕುಡ್ಸಿ ಸಾಕ್ದೋನು ಯಾರು ಅಂತ ಅವಳಿಗೂ ಗೊತ್ತಾಗ್ಲಿ."

"ಬ್ಯಾಡ ಕಣ್ಲಾ. ತೊಡೆ ಸೀಳೋಗೈತೆ. ನಾಳೆಯಿಂದ ದಿನಾ ನಾನೇ ತೊಳೀಬೇಕು," ಎಂದು ಜವರಪ್ಪ ಕಣ್ಣೊರೆಸಿಕೊಂಡು ಮದ್ದು ತರಲು ಎದ್ದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ.

"ಹಾಗಾದರೆ ಅವನ ಪ್ರೀತಿ ಆ ಹುಲಿಗೆ ಕೊನೆಗೂ ತಿಳಿಯಲೇ ಇಲ್ಲವೇ, ಗುರುಗಳೇ?"

"ಗಾಯ ವಾಸಿಯಾಯಿತು," ಎಂದರು ಗುರುಗಳು.