ಪಟ್ಟದ ಜೋಡು ಕಳವಾದ ದಿನ

"ನನ್ನ ಸೀಮೆಯಲ್ಲಿ ಬಾಗಿಲಿಗೆ ಅಗುಳಿ ಯಾಕಯ್ಯಾ ಬೇಕು? ನೇಣುಗಂಬ ಇದೆಯಲ್ಲ!"

ಬಿಳಿಗಲ್ಲಿನ ದೊರೆ ಮುದ್ದರಸ ನಾಯಕ ತುಂಬಿದ ಸಭೆಯಲ್ಲಿ ಮೀಸೆ ತಿರುವಿದ. ಮಾತು ಬಂದದ್ದು ಸಣ್ಣೀರನ ಮೇಲೆ. ಸಣ್ಣೀರ ಲಾಯದ ಕುದುರೆಗಳಿಗೆ ಹುಲ್ಲು ತಂದು ಹಾಕುವವನು. ಹೆಂಡತಿ ಹಸಿ ಬಾಣಂತಿ, ಮನೆಯಲ್ಲಿ ತೊಟ್ಟು ತುಪ್ಪವಿಲ್ಲ ಅಂತ ಅರಮನೆಯ ಉಗ್ರಾಣದಿಂದ ತುಪ್ಪದ ಗಡಿಗೆ ಎತ್ತಿಕೊಂಡು ಹೊರಟಿದ್ದ. ಬಾಗಿಲಲ್ಲೇ ಸಿಕ್ಕಿಬಿದ್ದ. ಪಾಪ, ಕದಿಯೋದಕ್ಕೂ ಅಭ್ಯಾಸ ಬೇಕಲ್ಲ!

"ನಾಳೆ ಮಧ್ಯಾಹ್ನ ನೇಣು," ಎಂದ ದೊರೆ.

"ಧರ್ಮ! ಧರ್ಮ!" ಎಂದಿತು ಸಭೆ. ಸಭೆಯ ಕೆಲಸವೇ ಅದು. ಸುಮ್ಮನೆ ಕೂತಿದ್ದವನು ಬೊಮ್ಮರಸಯ್ಯ ಒಬ್ಬನೇ. ದೊರೆಯ ಜೊತೆ ಪಗಡೆಯಾಡುವವನು ಅವನು, ಹಾಗಾಗಿ ಅವನ ನಾಲಿಗೆ ಒಂಚೂರು ಸಡಿಲ.

"ಏನಯ್ಯಾ ಬೊಮ್ಮರಸಯ್ಯ, ನಿನಗೆ ಒಪ್ಪಿಗೆ ಇಲ್ಲವೋ?"

"ತುಪ್ಪದ ಗಡಿಗೆ ವಾಪಸ್ಸು ಬಂತಲ್ಲ ಪ್ರಭು. ನಾಳಿದ್ದು ನಿಮಗೇ ಅಯ್ಯೋ ಅನ್ನಿಸಿ, ಸಣ್ಣೀರನ ಜೀವ ವಾಪಸ್ಸು ಕೊಡೋಣ ಅಂದರೆ ಯಾವ ಉಗ್ರಾಣದಿಂದ ತರಿಸೋದು?"

ದೊರೆಗೆ ರೇಗಿತು. "ಒಬ್ಬ ನೇತಾಡಿದರೆ ಸಾವಿರ ಜನ ನೆಟ್ಟಗಿರ್ತಾರೆ ಕಣಯ್ಯಾ! ನೇಣಿನ ಹಗ್ಗ ಕಣ್ಣಿಗೆ ಬಿದ್ದರೆ ಸಾಕು, ಯಾವನಿಗೂ ಕದಿಯೋಕೆ ಕೈ ಏಳಲ್ಲ. ಏಳುತ್ತೆ ಅಂತ ತೋರಿಸು, ಸಣ್ಣೀರನ್ನ ಬಿಟ್ಟುಬಿಡ್ತೀನಿ!"

"ಅಪ್ಪಣೆ," ಎಂದ ಬೊಮ್ಮರಸಯ್ಯ.

ಬಿಳಿಗಲ್ಲಿನಲ್ಲಿ ಒಂದು ಪದ್ಧತಿ. ನೇಣಿನ ದಿನ ದೊರೆ ಮುತ್ತಜ್ಜನ ಕಾಲದ ಪಟ್ಟದ ಜೋಡು ಮೆಟ್ಟಿಕೊಂಡು ಬರಬೇಕು. ನೇಣುಗಂಬದ ಮುಂದೆ ಅದನ್ನು ಕಳಚಿ, ಬರಿಗಾಲಲ್ಲಿ ನಿಂತು, ಈ ಜೀವ ತೆಗೆಯಬೇಕೋ ಬೇಡವೋ ಅಂತ ಕೊನೆಯ ಸಲ ಯೋಚಿಸಬೇಕು. ಮತ್ತೆ ಅದೇ ಜೋಡು ಮೆಟ್ಟಿದನೋ, ತಳವಾರ ಕಾಳ ಹಗ್ಗ ಎಳೆಯುತ್ತಾನೆ. ಮೆಟ್ಟದೆ ಬರಿಗಾಲಲ್ಲೇ ಅರಮನೆಗೆ ನಡೆದರೆ ಕ್ಷಮೆ. ಮುತ್ತಜ್ಜ ಎಷ್ಟೋ ಸಲ ಬರಿಗಾಲಲ್ಲೇ ಹೋಗಿದ್ದನಂತೆ. ನಮ್ಮ ಮುದ್ದರಸ ನಾಯಕನೋ, ಕಾಲು ಸುಡುತ್ತೆ ಅಂತ ಕಳಚಿದ ಉಸಿರಿಗೇ ಮೆಟ್ಟಿಕೊಳ್ಳುತ್ತಿದ್ದ. ಯೋಚನೆ ಗೀಚನೆ ಎಲ್ಲಿ ಬಂತು!

ಮರುದಿನ ಊರಿಗೆ ಊರೇ ಬಯಲಲ್ಲಿ ನೆರೆಯಿತು. ಹುರಿಗಡಲೆ ಮಾರುವವರಿಗೆ ಭಾರೀ ಗಿರಾಕಿ. ಸಣ್ಣೀರನ ಕೊರಳಿಗೆ ಕುಣಿಕೆ ಬಿದ್ದಿತ್ತು. ಅವನ ಹೆಂಡತಿ ಕೂಸನ್ನು ಸೆರಗಲ್ಲಿ ಸುತ್ತಿಕೊಂಡು ಕಾಳನ ಕಾಲು ಹಿಡಿದು ಗೋಳಾಡುತ್ತಿದ್ದಳು. ದೊರೆ ಅತ್ತ ನೋಡಲಿಲ್ಲ. ನೋಡಿದರೆ ಊಟ ಸೇರುವುದಿಲ್ಲ ಅಂತ ಅವನಿಗೆ ಗೊತ್ತಿತ್ತು.

ಜೋಡು ಕಳಚಿದ. ಒಂದು ಹೆಜ್ಜೆ ಮುಂದೆ ನಿಂತ. ತಲೆಯೆತ್ತಿ ಹಗ್ಗ ನೋಡಿದ. ಸಾವಿರ ಜನ ತಲೆಯೆತ್ತಿ ಹಗ್ಗ ನೋಡಿದರು. ಆಹಾ, ಎಂಥಾ ಭಯ, ಎಂಥಾ ಭಕ್ತಿ! ದೊರೆಗೆ ಎದೆ ಉಬ್ಬಿತು. ಅಷ್ಟರಲ್ಲಿ ಅಂಗಾಲು ಚುರುಗುಟ್ಟಿತು. ಹಿಂದಕ್ಕೆ ಕಾಲು ಚಾಚಿ ಜೋಡಿಗಾಗಿ ತಡಕಿದ.

ಬರೀ ಮಣ್ಣು.

"ಜೋಡು ಎಲ್ಲಿ? ಪಟ್ಟದ ಜೋಡು ಎಲ್ಲಿ?"

ದಳವಾಯಿ ಓಡಿಬಂದು ತನ್ನ ಜೋಡು ಬಿಚ್ಚಿಟ್ಟ. ಕಾಳ ಹಗ್ಗ ಹಿಡಿದುಕೊಂಡೇ ತಲೆಯಾಡಿಸಿದ. "ಅದು ನಡೆಯಲ್ಲ ಬುದ್ಧಿ. ಪಟ್ಟದ್ದೇ ಆಗಬೇಕು."

ಕಾವಲಿನವರು ಜನರ ಗಂಟುಮೂಟೆ ಜಾಲಾಡಿದರು. ಜೋಡು ಸಿಗಲಿಲ್ಲ. ಆದರೆ ಒಬ್ಬನ ಬಗಲಲ್ಲಿ ಇನ್ನೊಬ್ಬನ ಅಡಿಕೆ ಚೀಲ ಸಿಕ್ಕಿತು. ದಳವಾಯಿಯ ಬೆಳ್ಳಿ ಸುಣ್ಣದ ಡಬ್ಬಿ ಕಡಲೆ ಮಾರುವವನ ಬುಟ್ಟಿಯಲ್ಲಿತ್ತು. ಅದು ಹೋಗಿದೆ ಅಂತ ದಳವಾಯಿಗೇ ಗೊತ್ತಿರಲಿಲ್ಲ!

ದೊರೆ ಕೆಂಡದ ಮೇಲೆ ನಿಂತವನ ಹಾಗೆ ಕಾಲು ಬದಲಿಸುತ್ತ ಕೂಗಿದ: "ಜೋಡು ಕದ್ದವನು ಯಾವನೇ ಆಗಲಿ, ಇದೇ ಹಗ್ಗಕ್ಕೆ ಹಾಕ್ತೀನಿ!"

"ಹಾಗಂದರೆ ಆಯ್ತು ಬಿಡಿ," ಎಂದ ಬೆನ್ನ ಹಿಂದೆ ನಿಂತಿದ್ದ ಬೊಮ್ಮರಸಯ್ಯ. "ಕೊಟ್ಟರೆ ಸಾಯ್ತಾನೆ, ಬಚ್ಚಿಟ್ಟರೆ ಬದುಕ್ತಾನೆ. ಯಾವ ಕಳ್ಳ ತಂದುಕೊಡ್ತಾನೆ ಪ್ರಭು? ಬರಿಗಾಲಲ್ಲಿ ಹೊರಟರೆ ಕ್ಷಮೆ ಆಗಿಬಿಡುತ್ತೆ, ಇಲ್ಲದಿದ್ದರೆ ಸಂಜೆವರೆಗೂ ಹೀಗೇ ನಿಂತಿರಬೇಕಾಗುತ್ತೆ."

ಬಿಸಿಲು ನೆತ್ತಿಗೆ ಏರುತ್ತಿತ್ತು. ದೊರೆ ಒಂಟಿ ಕಾಲಲ್ಲಿ ನಿಂತ. ಆ ಕಾಲೂ ಸುಟ್ಟಿತು. ಹುಟ್ಟಿದ ಮೇಲೆ ಮೊದಲ ಸಲ ಅವನು ನೇಣುಗಂಬದ ಮುಂದೆ ಇಷ್ಟು ಹೊತ್ತು ನಿಂತದ್ದು. ಬೇಡ ಬೇಡವೆಂದರೂ ಕೂಸಿನ ಅಳು ಕಿವಿಗೆ ಬಿತ್ತು. ಬೇಡ ಬೇಡವೆಂದರೂ ಸಣ್ಣೀರನ ಮುಖ ಕಣ್ಣಿಗೆ ಬಿತ್ತು. ಅವನ ತುಟಿ ಒಣಗಿ ಬಿರಿದಿತ್ತು. ಥೂ, ಒಂದು ಗಡಿಗೆ ತುಪ್ಪಕ್ಕೆ ಇದೆಲ್ಲ ಬೇಕಿತ್ತೇ ಅನ್ನಿಸಿ ದೊರೆಗೆ ಸಂಕಟವಾಯಿತು.

"ಹೋಗಲಿ! ಜೋಡು ತಂದುಕೊಟ್ಟವನಿಗೆ ಜೀವದಾನ!"

"ಬಲು ಚೆನ್ನಾಯ್ತು," ಎಂದ ಬೊಮ್ಮರಸಯ್ಯ. "ತುಪ್ಪ ಕದ್ದವನಿಗೆ ನೇಣು, ಪಟ್ಟದ ಜೋಡು ಕದ್ದವನಿಗೆ ಮಾಫಿ. ನಾಳೆಯಿಂದ ಜನ ಸಣ್ಣಪುಟ್ಟದ್ದು ಕದಿಯೋದು ನಿಲ್ಲಿಸಿ ಸೀದಾ ಸಿಂಹಾಸನಕ್ಕೇ ಕೈ ಹಾಕ್ತಾರೆ."

"ಹಾಗಾದರೆ ಇಬ್ಬರಿಗೂ ಜೀವದಾನ ಕಣಯ್ಯಾ! ಜೋಡು ಎಲ್ಲಿ ಅಂತ ಮೊದಲು ಹೇಳು!"

ಬೊಮ್ಮರಸಯ್ಯ ನೆಲ ಗುಡಿಸುವಂತೆ ಉಟ್ಟಿದ್ದ ಪಂಚೆಯನ್ನು ಮೆಲ್ಲಗೆ ಮೊಣಕಾಲಿಗೆ ಎತ್ತಿದ. ಅವನ ಕಾಲಲ್ಲಿ ಪಟ್ಟದ ಜೋಡು ಫಳಫಳ ಹೊಳೆಯುತ್ತಿತ್ತು.

ದೊರೆಯ ಬಾಯಿ ತೆರೆದದ್ದು ಮುಚ್ಚಲಿಲ್ಲ.

"ಲೋ! ಇಷ್ಟು ಜನರ ನಡುವೆ, ನೇಣುಗಂಬದ ಬುಡದಲ್ಲೇ ಕದಿಯೋಕೆ ನಿನಗೆ ಹೆದರಿಕೆ ಆಗಲಿಲ್ಲವೇನೋ?"

"ಯಾಕೆ ಹೆದರಲಿ ಪ್ರಭು? ಊರಿಗೆ ಊರೇ ಬಾಯಿ ಬಿಟ್ಟುಕೊಂಡು ಹಗ್ಗ ನೋಡ್ತಾ ನಿಂತಿತ್ತು. ಕದಿಯೋಕೆ ಇದಕ್ಕಿಂತ ಒಳ್ಳೇ ಮುಹೂರ್ತ ಸಿಗುತ್ತಾ?"

ಮೊದಲು ನಕ್ಕವನು ಕಾಳ. ಆಮೇಲೆ ದೊರೆಗೂ ತಡೆಯಲಾಗಲಿಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕ. ಕೊರಳಿನ ಕುಣಿಕೆ ಬಿಚ್ಚುತ್ತಲೇ ಸಣ್ಣೀರ ತನ್ನ ಹೆಂಡತಿಯ ಹತ್ತಿರ ಕೂತು ಕೂಸಿನ ತಲೆ ಸವರಿದ.

"ಆ ಹಾಳು ತುಪ್ಪದ ಗಡಿಗೆ ಅವರ ಮನೆಗೇ ಕಳಿಸಿ," ಎಂದ ದೊರೆ. ಆಮೇಲೆ ಕಾಲು ಎತ್ತೆತ್ತಿ ಹಾಕುತ್ತ, "ಬೊಮ್ಮರಸಯ್ಯ, ಗೆದ್ದೆ ಬಿಡು, ಕೇಳಿದ್ದು ಕೊಡ್ತೀನಿ. ಈಗ ಜೋಡು ಬಿಚ್ಚಯ್ಯಾ, ಅಂಗಾಲು ಬೆಂದುಹೋಯ್ತು!"

"ಅರಮನೆ ಬಾಗಿಲಲ್ಲಿ ಕೊಡ್ತೀನಿ, ನಡೀರಿ ಪ್ರಭು," ಎಂದು ಬೊಮ್ಮರಸಯ್ಯ ಪಂಚೆ ಇಳಿಬಿಟ್ಟ. "ಇಲ್ಲಿ ಮೆಟ್ಟಿದಿರೋ, ಹಗ್ಗ ಎಳಿ ಅಂತಲೇ ಅರ್ಥ; ಕಾಳ ಇನ್ನೂ ಹಗ್ಗದ ತುದಿ ಬಿಟ್ಟಿಲ್ಲ. ಖಾಲಿ ಕುಣಿಕೆ ನೋಡಿ, ಕಳ್ಳ ಯಾರು ಅಂತ ಹುಡುಕಿಕೊಂಡು ಮೊದಲು ನನ್ನ ಹತ್ತಿರವೇ ಬರ್ತಾನೆ."